ನೂರ ಹದಿನೇಳು ಬೀಜ

ಫೆಬ್ರವರಿ 6

ಟೀಚರ್‌ಗೆ ನಮಸ್ಕಾರ.

‘ಅತ್ತೆಗೆ’ ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ. ನಿಮ್ಮ ಮಗನೂ ನಾನೂ ಬೇರೆಯಾಗಿ ಮೂರು ವರ್ಷವಾಯಿತು. ಹಾಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ಬೀದಿಯವರೆಲ್ಲ ನಿಮ್ಮನ್ನು ಹೊಲಿಗೆ ಟೀಚರ್ ಎನ್ನುತ್ತಾರಲ್ಲ, ಅದೇ ಇರಲಿ ಎಂದುಕೊಂಡೆ. ಮನೆಯ ಫೋನಿಗೆ ಮಾಡಿದರೆ ನಿಮ್ಮ ಮಗನೇ ಎತ್ತುತ್ತಾರೆ. ನಿಮಗಂತೂ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ.

ನಕ್ಷೆ ಬಿಡಿಸುವ ಕೆಲಸ ಬಿಟ್ಟಿದ್ದೇನೆ. ಮುಚ್ಚಿಹೋದ ಒಂದು ಮರದ ಮಿಲ್ಲಿನ ಹಿಂದೆ ಮುಕ್ಕಾಲು ಎಕರೆ ಹಿಡಿದು ಹೂ ಬೆಳೆಯುತ್ತಿದ್ದೇನೆ. ಹೂದಾನಿಗೆ ಕೊಯ್ದು ಕೊಡುವಂಥವು, ಒಣಗಿಸಿ ಕೊಡುವಂಥವು. ಹೋದ ಬೇಸಿಗೆಯಲ್ಲಿ ಅಂಗಡಿಯ ಬೀಜದಿಂದ ಬಂದ ಗಿಡಗಳೆಲ್ಲ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಕರಕಲಾದವು. ಪ್ಯಾಕೆಟ್ಟಿನ ಮೇಲಿನ ಚಿತ್ರ ಮಾತ್ರ ನಗುತ್ತಿತ್ತು. ಈ ವರ್ಷ ಒಂದು ದೊಡ್ಡ ಹೋಟೆಲಿನ ನಲವತ್ತು ಮೇಜಿಗೆ ಒಣಹೂ ಒದಗಿಸುವ ಕೆಲಸವನ್ನು ಇಲ್ಲಿನ ಹೂವಿನಂಗಡಿಯಾಕೆ ನನ್ನನ್ನು ನಂಬಿ ಒಪ್ಪಿಕೊಂಡಿದ್ದಾಳೆ. ಬೇಸಿಗೆಗೆ ಬೆನ್ನು ತೋರಿಸದ ಹೂ ಬೇಕು.

ನಿಮ್ಮ ಹಿತ್ತಿಲ ಕೋಳಿಜುಟ್ಟು ಹೂ ನೆನಪಾಯಿತು. ಬೀದಿಯೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಮಧ್ಯಾಹ್ನದಲ್ಲಿ ಅವು ಪಾತ್ರೆ ತೊಳೆದ ನೀರು ಕುಡಿದುಕೊಂಡು ಎದೆ ಸೆಟೆಸಿ ನಿಂತಿರುತ್ತಿದ್ದವು. ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ, ಮುಟ್ಟಿದರೆ ಮಖಮಲ್ಲು. ಅಂಗಡಿಯವು ಅದರ ಮುಂದೆ ಕೋಳಿಮರಿಗಳು. ಸ್ವಲ್ಪ ಬೀಜ ಕೊಡುತ್ತೀರಾ?

ಮನಸ್ಸಿಲ್ಲದಿದ್ದರೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನನಗೆ ಅರ್ಥವಾಗುತ್ತದೆ.

ಇತಿ,
ನಿಮಗೆ ಗುರುತಿರುವ ಕೈಬರಹ


ಫೆಬ್ರವರಿ 19

ಕಾಗದ ತಲುಪಿತು. ಬೀಜ ಇದರೊಳಗಿದೆ. ಸೂಜಿ ಬರುವ ಪೊಟ್ಟಣದಲ್ಲಿ ಹಾಕಿದ್ದೇನೆ. ಬಿಚ್ಚುವ ಮೊದಲು ಫ್ಯಾನ್ ಆರಿಸು.

ಆಳಕ್ಕೆ ಬಿತ್ತಬೇಡ. ಮೇಲೆ ಉದುರಿಸಿ, ಜರಡಿ ಹಿಡಿದ ಮಣ್ಣನ್ನು ಪೌಡರ್ ಹಚ್ಚಿದಂತೆ ತೆಳ್ಳಗೆ ಮುಚ್ಚು. ನಾಲ್ಕೈದು ಎಲೆ ಬಂದ ಕೂಡಲೇ ನೆಲಕ್ಕೆ ಇಳಿಸು. ಕುಂಡದಲ್ಲೇ ಬೇರು ಸುತ್ತಿಕೊಂಡರೆ ಗಿಡ ಗಾಬರಿಬಿದ್ದು ಗೇಣುದ್ದಕ್ಕೇ ಹೂ ಬಿಟ್ಟುಬಿಡುತ್ತದೆ. ತುದಿ ಚಿವುಟಬೇಡ. ಒಂದು ಗಿಡಕ್ಕೆ ಒಂದೇ ಜುಟ್ಟು. ಬೇರೆ ಜಾತಿಯ ಕೋಳಿಜುಟ್ಟು ಹತ್ತಿರ ಇರಕೂಡದು, ಜೇನುಹುಳ ಎರಡನ್ನೂ ಬೆರೆಸಿಬಿಡುತ್ತದೆ.

ಇಲ್ಲಿ ಎಲ್ಲರೂ ಆರೋಗ್ಯ. ಬೀಜ ಕೊಟ್ಟ ವಿಷಯ ಯಾರ ಮುಂದೆಯೂ ಆಡಬೇಕಾಗಿಲ್ಲ.

ಟೀಚರ್


ಫೆಬ್ರವರಿ 27

ಟೀಚರ್‌ಗೆ ನಮಸ್ಕಾರ.

ಪೊಟ್ಟಣ ಬಂತು. ಫ್ಯಾನ್ ಆರಿಸಿ, ಬಿಳಿ ಹಾಳೆಯ ಮೇಲೆ ಸುರಿದು, ಸೂಜಿಯ ತುದಿಯಿಂದ ಒಂದೊಂದಾಗಿ ಎಣಿಸಿದೆ. ನೂರ ಹದಿನೇಳು.

ಒಂದು ಜುಟ್ಟಿನಲ್ಲೇ ಸಾವಿರಗಟ್ಟಲೆ ಬೀಜ ಇರುತ್ತದೆ ಎಂದು ನೀವೇ ನನಗೆ ತೋರಿಸಿದ್ದಿರಿ. ಆಗ ನಿಮ್ಮ ಹಿತ್ತಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ನನಗೆ ನೂರ ಹದಿನೇಳು. ಅಳೆದು ಕೊಟ್ಟಿದ್ದೀರಿ. ಹೇಳಿ ಪ್ರಯೋಜನವಿಲ್ಲ, ಕೇಳಿದವಳು ನಾನು, ಕೊಟ್ಟವರು ನೀವು, ಕೊಟ್ಟಿದ್ದೇ ದೊಡ್ಡದು.

ನೂರ ಹದಿನೇಳರಲ್ಲೇ ಮಾಡಿ ತೋರಿಸುತ್ತೇನೆ. ನನ್ನ ಕೈ ಎಂಥದ್ದೆಂದು ನಿಮಗೆ ಗೊತ್ತಾಗಲಿ.

ಇತಿ,
ಮಿಲ್ಲಿನ ಹಿಂದಿನವಳು


ಏಪ್ರಿಲ್ 1

ಟೀಚರ್‌ಗೆ ನಮಸ್ಕಾರ.

ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಮಾತು ಒರಟಾಯಿತೆಂದು ಕಾಣುತ್ತದೆ. ಆದರೂ ಬೀಜ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಲ್ಲ.

ನೂರ ಹದಿನೇಳರಲ್ಲಿ ಮೊಳೆತದ್ದು ಎಪ್ಪತ್ತೊಂದು. ಉಳಿದವು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಬೀಜ ಹಳೆಯದಿತ್ತೇ? ನೆಲಕ್ಕೆ ಇಳಿಸಿದ್ದು ಅರವತ್ತು. ಒಂದೂ ಮುಖ ಬಾಡಿಸಿಲ್ಲ.

ಇಲ್ಲಿ ಮಿಲ್ಲಿನ ಕಾಲದಿಂದ ಉಳಿದುಕೊಂಡಿರುವ ಒಬ್ಬ ಮುದಿ ಕಾವಲುಗಾರರಿದ್ದಾರೆ. ಕಾಯಲು ಈಗ ಏನೂ ಇಲ್ಲದ್ದರಿಂದ ನನ್ನನ್ನು ಕಾಯುತ್ತಾರೆ. ದಿನಾ ಬೆಳಿಗ್ಗೆ ಸಾಲಿನ ತುದಿಯಲ್ಲಿ ನಿಂತು, “ಏನಮ್ಮಾ, ಇದು ಸೊಪ್ಪಾ?” ಅನ್ನುತ್ತಾರೆ. “ಹೂವು ತಾತ” ಅಂದರೆ, “ಹೂವಾದ್ರೆ ಎಲ್ಲಿ ಹೂವು?” ಅನ್ನುತ್ತಾರೆ.

ಇನ್ನೊಂದು ಹೇಳಬೇಕು. ಹದಿನೈದು ಗಿಡದ ತುದಿ ಚಿವುಟಿದ್ದೇನೆ. ನೀವು ಬೇಡ ಅಂದದ್ದು ನೆನಪಿದೆ. ಚಿವುಟಿದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡದೆ ನಾನು ನಂಬುವವಳಲ್ಲ, ಅದೂ ನಿಮಗೆ ಗೊತ್ತು.

ಇತಿ,
ಮಿಲ್ಲಿನ ಹಿಂದಿನವಳು


ಏಪ್ರಿಲ್ 9

ಚಿವುಟಬೇಡ ಅಂದರೆ ಚಿವುಟಿದೆ. ನಮ್ಮ ಮನೆಗೆ ಬಂದ ಮೊದಲ ವಾರ, ಆ ಕತ್ತರಿ ಬಟ್ಟೆಗೆ ಮಾತ್ರ, ಕಾಗದಕ್ಕೆ ಹಾಕಬೇಡ ಅಂದಿದ್ದೆ. ಅವತ್ತೇ ಸಂಜೆ ಕಾಗದ ಕತ್ತರಿಸುತ್ತಾ ಕೂತಿದ್ದೆ ನೀನು. ಬದಲಾಗಿಲ್ಲ.

ಬೀಜ ಹಳೆಯದೋ ಹೊಸದೋ ಆ ಚಿಂತೆ ನಿನಗೆ ಬೇಡ. ಎಪ್ಪತ್ತೊಂದು ಬಂತಲ್ಲ.

ಈಗ ಎತ್ತರ ಎಷ್ಟಿದೆ? ದಂಟಿನ ಬುಡ ಕೆಂಪಗಿದೆಯೋ ಹಸಿರಾಗಿದೆಯೋ? ಕೆಂಪಗಿದ್ದರೆ ಅಸಲಿ. ಎಲೆಯ ನರ ನೋಡು. ಬುಡಕ್ಕೆ ಒಣಹುಲ್ಲು ಹಾಸು, ನೀರು ಸಂಜೆ ಹಾಕು. ಎಲೆಯ ಮೇಲೆ ಬೇಡ.

ಈ ಬೀಜ ನನಗೆ ನನ್ನ ಸೋದರತ್ತೆ ಕೊಟ್ಟದ್ದು. ಅವಳು ಸೂಲಗಿತ್ತಿ. ಅವಳಿಗೆ ಯಾರೋ ಬಾಣಂತಿ ಕೊಟ್ಟಿದ್ದಳಂತೆ, ಕೊಡಲು ಮನೆಯಲ್ಲಿ ಬೇರೇನೂ ಇರಲಿಲ್ಲವಂತೆ. ನನಗೆ ಕೆಲಸ ಸಿಕ್ಕಾಗ ಲಂಗದ ಅಂಚಿನೊಳಗೆ ಹೊಲಿದು ಕಳಿಸಿದಳು. ಹೊಲಿಗೆ ಟೀಚರಾಗಿದ್ದೀಯ, ಬಿಚ್ಚೋದು ನಿನಗೆ ಗೊತ್ತಿರುತ್ತೆ ಅಂದಳು. ಆಮೇಲೆ ಎಷ್ಟು ಮನೆ ಬದಲಾಯಿಸಿದರೂ ಒಂದು ಬೇಸಿಗೆಯೂ ತಪ್ಪಲಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ಎತ್ತರ ಬರೆದು ಕಳಿಸು.

ಟೀಚರ್


ಮೇ 25

ಟೀಚರ್‌ಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಹದಿನೆಂಟು ದಿನದಿಂದ ಇಲ್ಲಿ ಬಿಸಿಲಲ್ಲ, ಕುಲುಮೆ. ಮಿಲ್ಲಿನ ತಗಡಿನ ಚಾವಣಿ ಮಧ್ಯಾಹ್ನ ಟಪಟಪ ಸದ್ದು ಮಾಡುತ್ತದೆ. ಆಸ್ಟರ್ ಹೋಯಿತು. ಡೇಲಿಯಾ ಒಂದು ವಾರ ನಾಟಕ ಮಾಡಿ ಹೋಯಿತು. ಹೂವಿನಂಗಡಿಯಾಕೆ ಬಂದು ಆ ಸಾಲುಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಆಮೇಲೆ ತಿರುಗಿ ಕೋಳಿಜುಟ್ಟು ನೋಡಿದಳು.

ನೀವು ನೋಡಬೇಕಿತ್ತು. ಐವತ್ತಾರು ಗಿಡ ಉಳಿದಿವೆ, ಸೊಂಟದೆತ್ತರ, ದಂಟಿನ ಬುಡ ಕೆಂಪೋ ಕೆಂಪು. ಚಿವುಟದ ನಲವತ್ತೊಂದರಲ್ಲಿ ಒಂದೊಂದೇ ಜುಟ್ಟು, ನನ್ನ ಎರಡು ಅಂಗೈ ಸೇರಿಸಿದಷ್ಟಗಲ. ಚಿವುಟಿದ ಹದಿನೈದು ಪೊದೆಯಾಗಿ ಪುಟ್ಟ ಪುಟ್ಟ ಹೂ ಬಿಟ್ಟಿವೆ. ನೀವು ಹೇಳಿದ್ದೇ ಸರಿ, ಜುಟ್ಟು ಅನ್ನುವಂಥದ್ದು ಬರಲಿಲ್ಲ. ಒಪ್ಪಿದ್ದೇನೆ, ಕಾಗದದ ಈ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಿ. ಕಾವಲುಗಾರ ತಾತ ಈಗ ಸಾಲಿನ ತುದಿಯಲ್ಲಿ ನಿಂತು ಏನೂ ಕೇಳುವುದಿಲ್ಲ.

ಜೂನ್ 4ರ ಬೆಳಿಗ್ಗೆ ನಲವತ್ತೊಂದನ್ನೂ ಕೊಯ್ಯುತ್ತೇನೆ. ಮೇಜಿಗೊಂದು, ಕೈಯಲ್ಲೊಂದು ಹೆಚ್ಚಿಗೆ. ಚಿವುಟಿದವನ್ನು ಕಿತ್ತು ಆ ಜಾಗ ಅಗೆಸುತ್ತೇನೆ. ಬೀಜಕ್ಕೆಂದು ಗಿಡ ಬಿಡುವ ಗೋಜು ನನಗಿಲ್ಲ, ನಿಮ್ಮ ಹಿತ್ತಿಲಿದೆಯಲ್ಲ. ಮುಂದಿನ ವರ್ಷ ಇನ್ನೊಂದು ಚಿಟಿಕೆ ಕೇಳುತ್ತೇನೆ. ಆಗಲಾದರೂ ಕೈ ಸ್ವಲ್ಪ ಸಡಿಲ ಬಿಡಿ!

ಇತಿ,
ಮಿಲ್ಲಿನ ಹಿಂದಿನವಳು


ಮೇ 30
ಸ್ಪೀಡ್ ಪೋಸ್ಟ್

ಎಲ್ಲವನ್ನೂ ಕೊಯ್ಯಬೇಡ. ಮೊದಲು ಇದನ್ನು ಓದು.

ನನ್ನ ಹಿತ್ತಿಲಲ್ಲಿ ಕೋಳಿಜುಟ್ಟಿಲ್ಲ. ಹಿತ್ತಿಲೇ ಇಲ್ಲ. ಎರಡು ವರ್ಷದ ಹಿಂದೆ ಗೋಡೆಯಿಂದ ಗೋಡೆಗೆ ಸಿಮೆಂಟ್ ಹಾಕಿಸಿದೆ. ಮಗನಲ್ಲ, ನಾನೇ. ಮೇಸ್ತ್ರಿ ಎರಡು ಸಲ ಕೇಳಿದ, “ಗಿಡಕ್ಕೆ ಒಂದು ಸಾಲು ಬಿಡ್ಲಾ ಟೀಚರ್?” ಎಂದು. ಬೇಡ ಅಂದೆ. ನೀನು ಹೋದ ಮೇಲೆ ಅಲ್ಲಿ ಒಬ್ಬಳೇ ನಿಂತು ನೀರು ಹಾಕುವುದು ನನಗೆ ಬೇಕಿರಲಿಲ್ಲ. ಸಿಟ್ಟು ನಿನ್ನ ಮೇಲಿತ್ತು, ಗಿಡದ ಮೇಲೆ ತೀರಿಸಿಕೊಂಡೆ.

ಹೊಲಿಗೆ ಯಂತ್ರದ ಖಾನೆಯ ಮೂಲೆಯಲ್ಲಿ ಹಳೆಯ ಪೊಟ್ಟಣವೊಂದು ಉಳಿದಿತ್ತು. ನಿನ್ನ ಕಾಗದ ಬಂದಾಗ ತೆಗೆದು ನೋಡಿದೆ. ಇದ್ದದ್ದು ಅಷ್ಟೇ. ಅಷ್ಟನ್ನೂ ಕಳಿಸಿದೆ. ಅಳೆದು ಕೊಟ್ಟಿದ್ದೀರಿ ಎಂದು ನೀನು ಬರೆದಿದ್ದೆ. ಅಳೆಯುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನೀನು ಹೆದರಿಕೊಂಡು ಬಿತ್ತುತ್ತಿದ್ದೆ. ಜೊತೆಗೆ, ಸಿಮೆಂಟಿನ ವಿಷಯ ನಿನಗೆ ಹೇಳಲು ನನಗೆ ನಾಚಿಕೆಯಾಯಿತು.

ಈಗ ಲೋಕದಲ್ಲಿ ಆ ಜಾತಿ ಇದ್ದರೆ ನಿನ್ನ ಐವತ್ತಾರು ಗಿಡದಲ್ಲಿ ಇದೆ. ಚಿಕ್ಕದನ್ನು ಬೀಜಕ್ಕೆ ಬಿಟ್ಟು ದೊಡ್ಡದನ್ನು ಕೊಯ್ಯುವ ಬುದ್ಧಿ ಮಾಡಬೇಡ. ಉರಿಬಿಸಿಲಲ್ಲಿ ಕೊನೆಯವರೆಗೂ ಎಲೆ ಜೋತು ಬೀಳದ ಗಿಡ ಯಾವುದು, ಜುಟ್ಟು ಯಾವುದು ಅಗಲ, ಆ ಗಿಡಗಳನ್ನೇ ಬಿಡು. ಎಂಟೊಂಬತ್ತಾದರೂ ಬೇಕು. ನಿನ್ನ ಹೋಟೆಲಿನ ಕೆಲಸಕ್ಕೆ ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಕೇಳುತ್ತಿದ್ದೇನೆ ಅಷ್ಟೆ.

ಟೀಚರ್


ಜೂನ್ 6

ಅತ್ತೆಗೆ ನಮಸ್ಕಾರ.

ಕಾಗದ 4ರ ಬೆಳಿಗ್ಗೆಯೇ ಬಂತು. ಕತ್ತರಿ ಕೈಯಲ್ಲಿತ್ತು. ಇಪ್ಪತ್ತೈದು ಕೊಯ್ದು ಇಪ್ಪತ್ತಾರನೆಯದಕ್ಕೆ ಬಗ್ಗಿದ್ದೆ. ಕಾವಲುಗಾರ ತಾತ ಗೇಟಿನಿಂದಲೇ ಕೂಗಿದರು, “ಅಮ್ಮಾ, ಸಹಿ ಹಾಕೋ ಕಾಗದ! ಅಂಚೆಯವ್ನು ನಿಂತಿದಾನೆ!” ಬರುತ್ತೇನೆ ಇರಿ ಅಂದೆ. “ಸಹಿ ಹಾಕೋದು ಅಂದ್ರೆ ಅರ್ಜೆಂಟು ಅಂತ, ಬಾ” ಎಂದು ಗದರಿದರು. ಬೈಸಿಕೊಂಡು ಹೋದೆ.

ಸಾಲಿನ ನಡುವೆಯೇ ಮಣ್ಣಿನ ಮೇಲೆ ಕೂತು ಓದಿದೆ. ಎರಡನೇ ಸಲ ಓದುವಾಗ ಅಕ್ಷರ ಕಾಣಲಿಲ್ಲ.

ಅದೃಷ್ಟಕ್ಕೆ ನಾನು ಕೊಯ್ಯಲು ಶುರುಮಾಡಿದ್ದು ಗೋಡೆಯ ನೆರಳಿನ ಕಡೆಯಿಂದ. ಬಿಸಿಲಿಗೆ ಎದೆಯೊಡ್ಡಿದ್ದ ತುದಿಯ ಗಿಡಗಳು ನಿಂತೇ ಇದ್ದವು. ಅವುಗಳಲ್ಲಿ ಒಂಬತ್ತನ್ನು ಆರಿಸಿ ಬಿಳಿ ದಾರ ಕಟ್ಟಿದೆ. ನಲವತ್ತೊಂದರಲ್ಲೇ ಚೆಂದದ ಒಂಬತ್ತು. ಹೋಟೆಲಿಗೆ ಉಳಿದದ್ದು ಮೂವತ್ತೆರಡು.

ನೇರ ಹೂವಿನಂಗಡಿಗೆ ಹೋಗಿ ಹೇಳಿದೆ. ಆಕೆ ಟೇಪು ಸುತ್ತುವುದನ್ನು ನಿಲ್ಲಿಸಿದಳು.

“ನಲವತ್ತು ಅಂತ ನಾನು ಅವರಿಗೆ ಮಾತು ಕೊಟ್ಟಾಗಿದೆ. ಸಣ್ಣಪುಟ್ಟದ್ದನ್ನ ಬೀಜಕ್ಕೆ ಬಿಡು, ಚೆನ್ನಾಗಿರೋದನ್ನ ನನಗೆ ಕೊಡು.”

“ಚೆನ್ನಾಗಿರೋದನ್ನೆಲ್ಲ ಕೊಯ್ದುಬಿಟ್ರೆ ಮುಂದಿನ ವರ್ಷ ನಿಮ್ಮ ಕೈಗೂ ಸಣ್ಣಪುಟ್ಟದ್ದೇ ಬರುತ್ತೆ.”

“ಮುಂದಿನ ವರ್ಷದ ಮಾತು ಆಮೇಲೆ. ಎಂಟು ಮೇಜು ಬೋಳಾಗಿ ಬಿಡ್ಲಾ ಈಗ?”

“ಬೋಳು ಬಿಡಲ್ಲ. ಚಿವುಟಿದ ಹದಿನೈದು ಗಿಡ ಇದೆ. ಪುಟ್ಟ ಹೂಗಳನ್ನ ಗೊಂಚಲು ಕಟ್ಟಿ ಕೊಡ್ತೀನಿ. ನೋಡಿ ಒಪ್ಪಿಗೆಯಾದ್ರೆ ತಗೊಳ್ಳಿ, ಇಲ್ಲಾಂದ್ರೆ ನಾನೇ ಹೋಟೆಲಿನವರ ಮುಂದೆ ನಿಂತು ಹೇಳ್ತೀನಿ, ತಪ್ಪು ನಂದು ಅಂತ.”

ಆಕೆ, ಒಣಗಲಿ, ನೋಡೋಣ ಅಂದಳು. ಮೊದಲು ಗರಗಸ ಇಡುತ್ತಿದ್ದ ಕತ್ತಲೆ ಕೋಣೆಯಲ್ಲಿ ಎಲ್ಲವನ್ನೂ ಎಲೆ ಸವರಿ ತಲೆಕೆಳಗಾಗಿ ನೇತುಹಾಕಿದ್ದೇನೆ. ಒಳಗೆ ಹೋದರೆ ಕೆಂಪು ಬಾವಲಿಗಳ ಹಾಗೆ ಕಾಣುತ್ತವೆ.

ನನಗೂ ಒಂದು ಕೇಳುವುದಿದೆ. ನಾನು ಮನೆ ಬಿಟ್ಟ ದಿನ ಹಿತ್ತಿಲ ಬಾಗಿಲಲ್ಲಿ ನಿಂತು ‘ಬರ್ತೀನಿ ಅತ್ತೆ’ ಅಂದೆ. ನೀವು ಗಿಡದ ಕಡೆ ತಿರುಗಿದವರು ತಿರುಗಿಯೇ ಇದ್ದಿರಿ. ಅಷ್ಟು ಕೋಪವಿತ್ತೇ?

ಇತಿ,
ನಿಮ್ಮ ಹಟಮಾರಿ


ಜೂನ್ 20

ತೋಟದವಳಿಗೆ ಆಶೀರ್ವಾದ.

ಒಂಬತ್ತು ಗಿಡಕ್ಕೂ ಕೋಲು ನೆಟ್ಟು ಕಟ್ಟು. ಬೀಜ ತುಂಬುವಾಗ ತಲೆ ಭಾರವಾಗಿ ವಾಲುತ್ತವೆ. ಜುಟ್ಟಿನ ಕೆಳಗಿನ ಪಕ್ಕೆ ಒಣಗಿ ಬೂದುಬಣ್ಣಕ್ಕೆ ತಿರುಗಿದ ಮೇಲೆ ಮಾತ್ರ ಕೊಯ್ಯಬೇಕು.

ಕೇಳಿದ್ದಕ್ಕೆ ಹತ್ತು ದಿನ ಯೋಚಿಸಿದೆ. ಅವತ್ತು ಕೋಪವಿರಲಿಲ್ಲ. ಕೋಪ ಬಂದದ್ದು ಆಮೇಲೆ, ಮನೆ ಸುಮ್ಮನಾದ ಮೇಲೆ. ಅವತ್ತು ತಿರುಗಿ ನೋಡಿದ್ದರೆ ‘ಹೋಗಬೇಡ ಕಣೇ’ ಎಂದುಬಿಡುತ್ತಿದ್ದೆ. ಅವನೂ ನೀನೂ ಒಬ್ಬರನ್ನೊಬ್ಬರು ದಿನಾ ಸವೆಸುತ್ತಿದ್ದುದನ್ನು ನಾನೇ ಕಂಡಿದ್ದೆ. ಬೇರೆಯಾಗುವುದೇ ಇಬ್ಬರಿಗೂ ಒಳ್ಳೆಯದೆಂದು ಗೊತ್ತಿದ್ದೂ ನನ್ನ ಜೊತೆಗಾಗಿ ನಿನ್ನನ್ನು ಉಳಿಸಿಕೊಳ್ಳುವುದು ಸ್ವಾರ್ಥವಾಗುತ್ತಿತ್ತು. ಅದಕ್ಕೆ ಗಿಡದ ಕಡೆ ನೋಡುತ್ತಾ ನಿಂತೆ. ನೀನು ಗೇಟು ಹಾಕಿದ ಸದ್ದು ಕೇಳಿದ ಮೇಲೆ ತಿರುಗಿದೆ.

ಇನ್ನೊಂದು ಸುದ್ದಿ ಫೆಬ್ರವರಿಯಿಂದ ಬರೆಯಬೇಕು, ಬರೆಯಬೇಕು ಎಂದು ಬಿಟ್ಟಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ಅವನು ಮತ್ತೆ ಮದುವೆಯಾಗುತ್ತಿದ್ದಾನೆ. ಹುಡುಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ, ಒಳ್ಳೆಯವಳು. ಬೇರೆಯವರ ಬಾಯಿಂದ ಕೇಳಿ ನಿನಗೆ ನೋವಾಗುವುದು ಬೇಡವೆಂದು ನಾನೇ ಹೇಳುತ್ತಿದ್ದೇನೆ.

ಅತ್ತೆ


ಜೂನ್ 29

ಅತ್ತೆಗೆ ನಮಸ್ಕಾರ.

ಮದುವೆಯ ವಿಷಯ ನನಗೆ ಜನವರಿಯಲ್ಲೇ ಗೊತ್ತು. ಅವರೇ ಫೋನ್ ಮಾಡಿ ಹೇಳಿದ್ದರು. ಒಳ್ಳೆಯದಾಗಲಿ ಅಂದೆ, ಮನಸ್ಸಿನಿಂದಲೇ ಅಂದೆ. ಅದು ಮುಗಿದ ಮಾತು. ಫೋನಿಟ್ಟ ಮೇಲೆ ನನ್ನನ್ನು ಕಾಡಿದ್ದು ಬೇರೆ ವಿಷಯ. ಇನ್ನೊಬ್ಬ ಸೊಸೆ ಬಂದ ಮೇಲೆ ನಿಮ್ಮ ಹತ್ತಿರ ಒಂದು ಚಿಟಿಕೆ ಬೀಜ ಕೇಳುವಷ್ಟು ಸಲಿಗೆಯೂ ನನಗೆ ಉಳಿಯುವುದಿಲ್ಲವಲ್ಲ ಅನ್ನಿಸಿತು. ಅದಕ್ಕೇ ಫೆಬ್ರವರಿಯಲ್ಲಿ ಬರೆದೆ. ಬೀಜ ಬೇಕೇ ಬೇಕಿತ್ತು, ಸುಳ್ಳಲ್ಲ. ಆದರೆ ಬೀಜವೊಂದೇ ಅಲ್ಲ.

ನನಗೆ ನೋವಾದೀತೆಂದು ನೀವು ಮುಚ್ಚಿಟ್ಟಿರಿ, ನಿಮಗೆ ಮುಜುಗರವಾದೀತೆಂದು ನಾನು ಮುಚ್ಚಿಟ್ಟೆ. ಐದು ತಿಂಗಳು ಇಬ್ಬರೂ ಚೆನ್ನಾಗಿಯೇ ಕಳೆದೆವು ಬಿಡಿ.

ಈಗ ಹೋಟೆಲಿನ ಕಥೆ. ಹೂ ಒಣಗಿತು, ಬಣ್ಣ ಒಂದು ಚೂರೂ ಇಳಿಯಲಿಲ್ಲ. ಪುಟ್ಟ ಹೂಗಳ ಎಂಟು ಗೊಂಚಲು ಕಟ್ಟಿ ಅಂಗಡಿಯಾಕೆಯ ಮುಂದಿಟ್ಟೆ. ಆಕೆ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, “ಕಿಟಕಿ ಪಕ್ಕದ ಇಬ್ಬರ ಮೇಜಿಗೆ ಆ ದೊಡ್ಡ ಜುಟ್ಟು ಇಟ್ರೆ ಎದುರಿಗೆ ಕೂತವರ ಮುಖಾನೇ ಕಾಣ್ತಿರ್ಲಿಲ್ಲ. ಅಲ್ಲಿಗೆ ಇದೇ ಸರಿ” ಅಂದಳು. ಅಂದರೆ ಒಪ್ಪಿದಳು. ನಲವತ್ತು ಮೇಜೂ ತುಂಬಿದವು. ಮುಂದಿನ ಬೇಸಿಗೆಗೆ ದೊಡ್ಡದೂ ಬೇಕಂತೆ, ಗೊಂಚಲೂ ಬೇಕಂತೆ. ನಿಮ್ಮ ಮಾತೂ ಗೆದ್ದಿತು, ನನ್ನ ಚಿವುಟೂ ಗೆದ್ದಿತು.

ಒಂಬತ್ತು ಗಿಡಕ್ಕೂ ಕೋಲು ಕಟ್ಟಿದ್ದೇನೆ.

ಇತಿ,
ನಿಮ್ಮ ಹಟಮಾರಿ


ಆಗಸ್ಟ್ 12

ಹಟಮಾರಿಗೆ ಆಶೀರ್ವಾದ.

ಬೀಜ ಕಳಿಸುತ್ತೇನೆ, ಕುಂಡದಲ್ಲಾದರೂ ಹಾಕಿ ಎಂದು ಜುಲೈ ಕೊನೆಯ ಕಾಗದದಲ್ಲಿ ನೀನು ಬರೆದಿದ್ದೆ. ಬೇಡ. ಕುಂಡದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ, ನನಗೂ. ನಾನೇ ಅಲ್ಲಿಗೆ ಬರುತ್ತೇನೆ. ಬೀಜ ಬಿಡಿಸಿ, ಕೇರಿ, ಒಣಗಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತು ದಿನ ಇರುತ್ತೇನೆ.

ಇದನ್ನು ನಿನ್ನೆ ಊಟಕ್ಕೆ ಕೂತಾಗ ಮಗನಿಗೆ ಹೇಳಿದೆ.

“ಎಲ್ಲಿಗಮ್ಮಾ?” ಅಂದ.

“ಬೀಜ ಬಿಡಿಸೋಕೆ.”

“ಯಾರ ಮನೇಲಿ?”

ಹೇಳಿದೆ. ಫೆಬ್ರವರಿಯಿಂದ ನಡೆದದ್ದೆಲ್ಲ ಹೇಳಿದೆ. ತುತ್ತು ಕೈಯಲ್ಲೇ ಉಳಿಯಿತು ಅವನಿಗೆ. ಆಮೇಲೆ ಮೆಲ್ಲಗೆ, “ಅವಳು ಬನ್ನಿ ಅಂದಿದಾಳಾ?” ಅಂದ.

“ಅವಳನ್ನ ಕೇಳಿಲ್ಲ. ಬರ್ತೀನಿ ಅಂತ ಹೇಳ್ತೀನಿ.”

ಅದಕ್ಕವನು ನಗಲು ಶುರುಮಾಡಿದ. “ಇಬ್ರೂ ಒಂದೇ ಅಚ್ಚು ನೀವು, ಇಬ್ರ ನಡುವೆ ಸಿಕ್ಕಿ ನಾನು ಸುಸ್ತಾದೆ” ಅಂದ. ಊಟ ಮುಗಿಸಿ ಬಸ್ಸಿನ ಸೀಟು ಅವನೇ ಕಾಯ್ದಿರಿಸಿದ, ಕಿಟಕಿ ಪಕ್ಕದ್ದು. ಹೊಸ ಹುಡುಗಿಗೂ ನಾನೇ ಹೇಳಿದೆ, ನನಗೆ ಇನ್ನೊಬ್ಬಳು ಇದ್ದಾಳೆ, ಅವಳನ್ನು ನಾನು ಬಿಡುವವಳಲ್ಲ ಎಂದು. ಅವಳು, “ಯಾಕೆ ಬಿಡ್ಬೇಕು ಅತ್ತೆ?” ಅಂದು ಸೀನಿದಳು. ಅವಳಿಗೆ ಹೂ ಎಂದರೆ ಮೂಗು ಸೋರುತ್ತದೆ, ಪಾಪ. ಹೂವಿನ ಸುದ್ದಿಗೂ ಸೀನುತ್ತಾಳೆ.

ಇದೇ 26ಕ್ಕೆ ಹೊರಡುತ್ತೇನೆ. ನಾನು ಬರುವವರೆಗೆ ಯಾವ ಜುಟ್ಟನ್ನೂ ಉಜ್ಜಿ ನೋಡಬೇಡ. ಬೀಜ ಗಾಳಿಗೆ ಹಾರಿಹೋಗುತ್ತದೆ.

ಅತ್ತೆ


ಆಗಸ್ಟ್ 19

ಅತ್ತೆ,

ಹತ್ತು ದಿನ ಸಾಲದು. ಮದುವೆ ಮುಗಿಸಿಕೊಂಡು ಮತ್ತೆ ಬರಬೇಕು, ಫೆಬ್ರವರಿಯಲ್ಲಿ ಬಿತ್ತನೆಗಂತೂ ಬರಲೇಬೇಕು. ಇದನ್ನು ನಾನೂ ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಬಸ್ಸು ಬೆಳಿಗ್ಗೆ ಆರೂವರೆಗೆ ಬರುತ್ತದೆ, ನಾನು ನಿಲ್ದಾಣದಲ್ಲಿರುತ್ತೇನೆ. ನಿಮಗೆ ಕಿಟಕಿಯಿರುವ ಕೋಣೆ. ಮಂಚ ಎತ್ತರವಾಯಿತೆಂದು ತಾತ ಕಾಲು ಕೊಯ್ದು ತಗ್ಗಿಸಿದ್ದಾರೆ. ಮಿಲ್ಲು ಮುಚ್ಚಿದ ಮೇಲೆ ಗರಗಸ ಹಿಡಿದದ್ದು ಇದೇ ಮೊದಲಂತೆ. ಮೂರು ಕಾಲು ಸಮವಾಗಿವೆ. “ಯಾರಮ್ಮಾ ಬರೋರು?” ಎಂದು ಕೇಳಿದರು. ನಮ್ಮತ್ತೆ ಅಂದೆ. “ಗಂಡ?” ಅಂದರು. “ಗಂಡ ಇಲ್ಲ ತಾತ, ಅತ್ತೆ ಮಾತ್ರ” ಅಂದೆ. ಅವರು, ಹಾಗಾದರೆ ಒಳ್ಳೆಯದನ್ನೇ ಉಳಿಸಿಕೊಂಡಿದ್ದೀಯ ಎಂದು ಗರಗಸ ಎತ್ತಿಕೊಂಡು ಹೋದರು.

ಒಂಬತ್ತು ಜುಟ್ಟಿನ ಪಕ್ಕೆಯೂ ಬೂದುಬಣ್ಣಕ್ಕೆ ತಿರುಗಿದೆ. ನಿನ್ನೆ ಒಂದನ್ನು, ಒಂದೇ ಒಂದನ್ನು, ಬಾಗಿಲು ಹಾಕಿಕೊಂಡು ಬಿಳಿ ಬಟ್ಟೆಯ ಮೇಲೆ ಉಜ್ಜಿದೆ. ಕಪ್ಪಗೆ ಮಿರಮಿರ ಮಿಂಚುತ್ತಾ ಸುರಿದವು, ಸುರಿಯುತ್ತಲೇ ಇದ್ದವು. ಎಣಿಸಲು ಕೂತು ಎರಡು ಸಾವಿರಕ್ಕೆ ಕೈಬಿಟ್ಟೆ.

ಬಂದು ಬೈಯಿರಿ.